ಹಾಸನದಲ್ಲಿ ರಾತ್ರಿ ಎಣಿಕೆ: ಕೊನೆಗೂ ಲೆಕ್ಕ ಕೂತಿತು

‘ಕೆರೆಯ ಮೀನು ಎಣಿಸುವ ಸೂತ್ರ ಬೀದಿಯಲ್ಲಿ ಮಲಗುವವರಿಗೆ ಯಾಕ್ರೀ?’ ಎಂದು ವಿಭಾಗದ ಹಿರಿಯರೇ ನಕ್ಕಿದ್ದರು. ಒಂದೇ ರಾತ್ರಿ ಎಣಿಸಿ ಮುಗಿಸುವುದು ರೂಢಿ. 2011ರ ಜನಗಣತಿಯೂ ಫೆಬ್ರುವರಿ 28ರ ಒಂದೇ ರಾತ್ರಿ ಎಣಿಸಿ ದೇಶಕ್ಕೆಲ್ಲ ಮನೆಯಿಲ್ಲದವರು 17.7 ಲಕ್ಷ ಎಂದಿತು. ಕಣ್ಣಿಗೆ ಬೀಳದವರು ಎಷ್ಟು ಎಂಬುದು ಎರಡು ರಾತ್ರಿ ಎಣಿಸಿದರೆ ಅಂದಾಜಿಗೆ ಸಿಗುತ್ತದೆ.

ಮೀನಿಗೆ ಬಳಸುವ ಚಾಪ್‌ಮನ್ ಸೂತ್ರವೇ ಇದು: ಎರಡು ರಾತ್ರಿಯ ಎಣಿಕೆಗೂ ಒಂದೊಂದು ಕೂಡಿಸಿ ಗುಣಿಸಿ, ಎರಡರಲ್ಲೂ ಸಿಕ್ಕವರಿಗೆ ಒಂದು ಕೂಡಿಸಿ ಭಾಗಿಸಿ, ಕೊನೆಗೆ ಒಂದು ಕಳೆಯುವುದು. ಮೊದಲ ರಾತ್ರಿ 40, ಎರಡನೇ ರಾತ್ರಿ 45, ಎರಡರಲ್ಲೂ ಸಿಕ್ಕವರು 18 ಎಂದುಕೊಳ್ಳಿ: 41×46 ಭಾಗಿಸು 19, ಒಂದು ಕಳೆದರೆ 98. ಮೊದಲ ರಾತ್ರಿಯವರನ್ನೇ ಎರಡನೇ ರಾತ್ರಿ ಗುರುತಿಸುವ ಹೊಂದಿಕೆ ತಪ್ಪಿ 18 ಇದ್ದದ್ದು 6ಕ್ಕೆ ಇಳಿದರೆ ಅದೇ 268 ಆಗಿಬಿಡುತ್ತದೆ. ಕಷ್ಟವೆಲ್ಲ ಈ ಹೊಂದಿಕೆಯಲ್ಲೇ.

ಮೊದಲ ಸಲ ಗುರುತಿಗೆ ಹೊದಿಕೆಯ ಬಣ್ಣ ಬರೆದುಕೊಂಡೆವು. ನಡುವಿನ ದಿನ ಯಾರೋ ಪುಣ್ಯಾತ್ಮರು ಬಸ್ ನಿಲ್ದಾಣದಲ್ಲಿ ಒಂದೇ ಬಣ್ಣದ ಕಂಬಳಿ ಹಂಚಿದರು. ಹನ್ನೆರಡು ಸಾವಿರ ಚಿಲ್ಲರೆ ನೀರಿಗೆ ಹೋಯಿತು. ಎರಡನೇ ಸಲ ನಂಬರ್ ಹಾಕಿದ ಟೀ ಚೀಟಿ ಕೊಟ್ಟೆವು. ಚೀಟಿ ಕೈಯಿಂದ ಕೈಗೆ ಹೋಗಿ ಬೇರೆಯವರ ಬಳಿ ಸಿಕ್ಕಿತು. ಈಗ ಚೀಟಿ ಇಲ್ಲ. ಮಂಗಳವಾರ ರಾತ್ರಿ ಬಿಸಿ ಟೀ, ಜೊತೆಗೆ ಒಂದು ಪ್ರಶ್ನೆ. ಗುರುವಾರ ಅದೇ ಪ್ರಶ್ನೆ ತಿರುಗಿಸಿ. ಪ್ರಶ್ನೆ ಯಾವುದೆಂದು ಬರೆಯುವುದಿಲ್ಲ, ಬಾಯಿಂದ ಬಾಯಿಗೆ ಹರಡಿದರೆ ಕೆಡುತ್ತದೆ. ಹೆಸರು ಮಾತ್ರ ಕೇಳಬೇಡಿ.

ರಾತ್ರಿ 11ಕ್ಕೆ ಹೊರಟರೆ ಕೊನೆಯ ಬಸ್ ತಪ್ಪಿದವರೂ ಲೆಕ್ಕಕ್ಕೆ ಸೇರುತ್ತಾರೆ. ಎರಡರಿಂದ ನಾಲ್ಕರೊಳಗೆ ಮುಗಿಸಿ. ಪ್ರಯಾಣಿಕ ಬ್ಯಾಗಿನ ಪಟ್ಟಿ ಕೈಗೆ ಸುತ್ತಿಕೊಂಡು ಮಲಗುತ್ತಾನೆ. ಅಲ್ಲೇ ಇರುವವನಿಗೆ ಕೆಳಗೆ ರಟ್ಟು, ತಲೆಯಡಿ ಚಪ್ಪಲಿ. ಆದರೂ ಕೇಳಿಯೇ ಬರೆಯಿರಿ. ಮುಖಕ್ಕೆ ಟಾರ್ಚ್ ಬೇಡ. ಠಾಣೆಗೆ ಪತ್ರ ಕೊಡಿ, ಪೇದೆಯನ್ನು ಕರೆದೊಯ್ಯಬೇಡಿ: 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿಯುತ್ತಾರೆಂಬ ಭಯಕ್ಕೆ ಜೀಪು ಕಂಡರೆ ಅರ್ಧ ಜನ ಮಾಯ.

ಹಾಸನಾಂಬೆ ಬಾಗಿಲು ತೆಗೆದಿರುವ ದಿನಗಳು, ಸಂತೆಯ ಹಿಂದಿನ ರಾತ್ರಿ, ಮಳೆಯ ರಾತ್ರಿ ಮೂರೂ ಬೇಡ. ಕಾಫಿ ಕುಯ್ಲಿಗೆ ಬಂದು ನಿಲ್ದಾಣದಲ್ಲೇ ಉಳಿದ ಕುಟುಂಬಗಳಿಗೆ ಬೇರೆ ಹಾಳೆ ಇಡಿ. ಅವರು ನಾಳೆ ಎಸ್ಟೇಟಿಗೆ ಹೋಗುವವರು, ಎರಡನೇ ರಾತ್ರಿ ಸಿಗುವುದಿಲ್ಲ.

ಖರ್ಚು: ನಾಲ್ಕು ಜನಕ್ಕೆ ರಾತ್ರಿಗೆ ಐನೂರರಂತೆ, ಟೀ, ಆಟೋ ಸೇರಿ ಎರಡು ರಾತ್ರಿಗೆ ಆರು ಸಾವಿರದ ಆಸುಪಾಸು.

ಹೆಂಗಸರು ರಾತ್ರಿ ಕಾಣುವುದು ಕಡಿಮೆ. ಕೆಲವರು ಬೆಳಗಿನವರೆಗೂ ಓಡಾಡಿ ಹಗಲು ಆಸ್ಪತ್ರೆಯ ಜಗಲಿಯಲ್ಲಿ ಮಲಗುತ್ತಾರೆ. ಅದಕ್ಕೇ ಮೂರನೇ ಪಟ್ಟಿಯಾಗಿ ಬೆಳಿಗ್ಗೆ ಇಂದಿರಾ ಕ್ಯಾಂಟೀನಿನ ಐದು ರೂಪಾಯಿ ತಿಂಡಿಯ ಸಾಲಲ್ಲಿ ವಿಚಾರಿಸಿ ನೋಡಿದೆವು. ಕೂಲಿಯವರೇ ಜಾಸ್ತಿ, ಪಟ್ಟಿ ಕೆಟ್ಟಿತು. ಆಸ್ಪತ್ರೆ ಜಗಲಿಯಲ್ಲೇ ಮಧ್ಯಾಹ್ನ ಕೇಳಿದ್ದು ಕೆಲಸಕ್ಕೆ ಬಂತು.

ಲಕ್ಷ ಜನಸಂಖ್ಯೆಗೆ ನೂರು ಜನರ ಆಶ್ರಯ, ತಲೆಗೆ 50 ಚದರಡಿ ಎಂಬುದು 2024ರಲ್ಲಿ ಮುಗಿದ ಕೇಂದ್ರದ ನಗರ ಜೀವನೋಪಾಯ ಅಭಿಯಾನದ ಮಾನದಂಡವಾಗಿತ್ತು. ಹೆಂಗಸರ ಹಾಳೆಯನ್ನು ಪ್ರತ್ಯೇಕವಾಗಿ ಲಗತ್ತಿಸಿದ ಮೇಲೆಯೇ ಆಶ್ರಯದ ಕಡತದಲ್ಲಿ ಅವರಿಗೆ ಬೇರೆ ಕೋಣೆಯ ಮಾತು ಬಂದದ್ದು.