ಜಾಂಬೆಜಿ ಬಯಲಿನ ಮೊಂಗುವಿಗೆ ಮುಂಬಯಿಯಿಂದ ಹೋಗಿಬರುವ ಬಗೆ

ಜಾಂಬಿಯಾಕ್ಕೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ವಿಕ್ಟೋರಿಯಾ ಜಲಪಾತವನ್ನು ನೋಡಿ, ಒಂದೆರಡು ದಿನ ಕಾಡು ಸುತ್ತಿ ಮರಳುತ್ತಾರೆ. ಅದೇ ಜಾಂಬೆಜಿ ನದಿ ಜಲಪಾತವನ್ನು ತಲುಪುವ ಮೊದಲು ದೇಶದ ಪಶ್ಚಿಮ ಭಾಗದಲ್ಲಿ ಒಂದು ವಿಶಾಲವಾದ ಬಯಲಿನ ಮೇಲೆ ಪ್ರತಿವರ್ಷ ಹರಡಿಕೊಳ್ಳುತ್ತದೆ. ಆ ಬಯಲಿನ ಪೂರ್ವದ ಅಂಚಿಗೆ, ಮರಳಿನ ದಿಬ್ಬದ ಮೇಲೆ ಕುಳಿತಿರುವ ಊರೇ ಮೊಂಗು. ಅದು ಪಶ್ಚಿಮ ಪ್ರಾಂತ್ಯದ ಆಡಳಿತ ಕೇಂದ್ರ. ಹಿಂದೆ ಬರೋಟ್ಸೆಲ್ಯಾಂಡ್ ಎಂದು ಕರೆಯುತ್ತಿದ್ದ ಲೋಜಿ ಜನರ ನಾಡು. ಡೊಂಬಿವಲಿ ಮತ್ತು ಮಾಟುಂಗಾದ ನಾವು ನಾಲ್ವರು ಅಲ್ಲಿಗೆ ಎರಡು ಸಲ ಹೋಗಿಬಂದೆವು. ಮೊದಲ ಸಲ ಮಾಡಿದ ತಪ್ಪನ್ನು ಇನ್ನೊಬ್ಬರು ಮಾಡಬಾರದು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಆ ತಪ್ಪು ಇಷ್ಟೇ: ಕಚೇರಿಯ ರಜೆ ನೋಡಿ ಟಿಕೆಟ್ ಕೊಂಡೆವು, ಹೊಳೆಯ ನೀರನ್ನು ವಿಚಾರಿಸಲಿಲ್ಲ. ಲೋಜಿ ರಾಜನಿಗೆ ಲಿಟುಂಗಾ ಎಂದು ಹೆಸರು. ಆತನಿಗೆ ಎರಡು ರಾಜಧಾನಿಗಳು. ಮಳೆಯಿಲ್ಲದ ಒಣ ದಿನಗಳಲ್ಲಿ ಬಯಲಿನ ನಡುವಿನ ಲೆಯಾಲುಯಿಯಲ್ಲಿ ಇರುತ್ತಾನೆ. ನೀರು ಏರಿದಾಗ ಇಡೀ ಪರಿವಾರದೊಡನೆ ದೋಣಿಯೇರಿ ಎತ್ತರದ ಲಿಮುಲುಂಗಾಕ್ಕೆ ಬರುತ್ತಾನೆ. ಈ ಪಯಣವೇ ಕುಓಂಬೋಕಾ. ನೀರಿನಿಂದ ಹೊರಗೆ ಬರುವುದು ಎಂದು ಅದರ ಅರ್ಥ. ಇದಕ್ಕೆ ಪಂಚಾಂಗದಲ್ಲಿ ಗುರುತಿಟ್ಟ ತಿಥಿಯಿಲ್ಲ. ಮಳೆಗಾಲದ ಕೊನೆಗೆ, ಸಾಮಾನ್ಯವಾಗಿ ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ, ಬಯಲಿನಲ್ಲಿ ದೊಡ್ಡ ದೋಣಿ ತೇಲುವಷ್ಟು ನೀರು ನಿಂತಿದೆ ಎಂದು ಖಚಿತವಾದ ಮೇಲೆ ಅರಮನೆಯಿಂದ ದಿನ ಪ್ರಕಟವಾಗುತ್ತದೆ, ಅದೂ ಸ್ವಲ್ಪವೇ ಮುಂಚಿತವಾಗಿ. ಮಳೆ ಕೈಕೊಟ್ಟ 2019 ಮತ್ತು 2024ರಲ್ಲಿ ಉತ್ಸವವೇ ನಡೆಯಲಿಲ್ಲ. ನಾವು ಮೊದಲ ಸಲ ಮುಂಬಯಿಗೆ ಮರಳಿದ ಮರುವಾರ ರಾಜನ ದೋಣಿ ಹೊರಟಿತು.

ಆದ್ದರಿಂದ ಕುಓಂಬೋಕಾವನ್ನು ನೋಡಲೇಬೇಕು ಎನ್ನುವವರು ದಿನಾಂಕ ಬದಲಿಸಲು ಅವಕಾಶವಿರುವ ಟಿಕೆಟನ್ನೇ ಕೊಳ್ಳಬೇಕು ಮತ್ತು ಕನಿಷ್ಠ ಹತ್ತು ದಿನಗಳನ್ನು ಕೈಯಲ್ಲಿ ಇಟ್ಟುಕೊಳ್ಳಬೇಕು. ಅಷ್ಟು ಬಿಡುವಿಲ್ಲದವರು ಜೂನ್‌ನಿಂದ ಆಗಸ್ಟ್‌ವರೆಗಿನ ತಂಪಾದ ಒಣ ಹವೆಯಲ್ಲಿ ಹೋಗಲಿ. ಆಗ ನೀರು ಇಳಿಯುತ್ತಿರುತ್ತದೆ, ಸೊಳ್ಳೆ ಕಡಿಮೆ, ರಾತ್ರಿ ಸ್ವೆಟರ್ ಬೇಕಾಗುವಷ್ಟು ಚಳಿ. ರಾಜನು ಬಯಲಿಗೆ ಹಿಂದಿರುಗುವ ಕುಫುಲುಹೇಲಾ ಎಂಬ ಚಿಕ್ಕ ಉತ್ಸವವೂ ಸುಮಾರು ಆ ದಿನಗಳಲ್ಲೇ ಬರುತ್ತದೆ. ಅದಕ್ಕೆ ಹೊರಗಿನ ಜನಜಂಗುಳಿ ಇರುವುದಿಲ್ಲ. ಅಕ್ಟೋಬರ್‌ನ ಬಿಸಿಲು ವಿಜಯಪುರದ ಮೇ ತಿಂಗಳನ್ನು ನೆನಪಿಸುವಂಥದ್ದು. ವಯಸ್ಸಾದವರು ಆಗ ಹೋಗದಿರುವುದೇ ಲೇಸು.

ಪ್ರಯಾಣಕ್ಕೆ ಎರಡು ತಿಂಗಳು ಮೊದಲೇ ಕಾಗದಪತ್ರಗಳ ಕೆಲಸ ಆರಂಭಿಸಬೇಕು. ವೀಸಾಕ್ಕೆ ಜಾಂಬಿಯಾದ ವಲಸೆ ಇಲಾಖೆಯ ಜಾಲತಾಣದಲ್ಲೇ ಅರ್ಜಿ ಹಾಕಬಹುದು; ಶುಲ್ಕ ಮತ್ತು ನಿಯಮಗಳು ಬದಲಾಗುವುದರಿಂದ ಅಲ್ಲಿಯೇ ನೋಡಿಕೊಳ್ಳುವುದು ಸರಿ. ಪಾಸ್‌ಪೋರ್ಟಿಗೆ ಆರು ತಿಂಗಳಿಗಿಂತ ಹೆಚ್ಚಿನ ಅವಧಿ ಉಳಿದಿರಲಿ. ಮುಂಬಯಿಯಿಂದ ಜಾಂಬಿಯಾದ ರಾಜಧಾನಿ ಲುಸಾಕಾಕ್ಕೆ ಹೋಗುವವರು ಸಾಮಾನ್ಯವಾಗಿ ಅಡಿಸ್ ಅಬಾಬಾ ಇಲ್ಲವೇ ನೈರೋಬಿಯಲ್ಲಿ ವಿಮಾನ ಬದಲಿಸುತ್ತಾರೆ. ಇಥಿಯೋಪಿಯಾ ಮತ್ತು ಕೀನ್ಯಾಗಳು ಹಳದಿ ಜ್ವರವಿರುವ ದೇಶಗಳೆಂದು ಭಾರತ ಸರ್ಕಾರ ಪಟ್ಟಿ ಮಾಡಿದೆ. ಅಂಥ ದೇಶದಿಂದ ಲಸಿಕೆಯ ಪ್ರಮಾಣಪತ್ರವಿಲ್ಲದೆ ಬಂದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲು ನಿಯಮವಿದೆ. ವಿಮಾನ ತಡವಾಗಿ ಅಲ್ಲಿಯೇ ಒಂದು ರಾತ್ರಿ ತಂಗಬೇಕಾಗಿ ಬಂದರೆ ಗತಿಯೇನು ಎಂದು ಯೋಚಿಸಿ ಎಲ್ಲರೂ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಇದು ಸಿಗುತ್ತದೆ. ಮುಂಬಯಿಯಲ್ಲಿ ಬಂದರು ಮತ್ತು ವಿಮಾನ ನಿಲ್ದಾಣದ ಆರೋಗ್ಯ ಕಚೇರಿಗಳಲ್ಲಿ ವಿಚಾರಿಸಬೇಕು. ಪ್ರಮಾಣಪತ್ರವು ಲಸಿಕೆ ಹಾಕಿದ ಹತ್ತು ದಿನಗಳ ನಂತರವೇ ಊರ್ಜಿತವಾಗುತ್ತದೆ, ಆಮೇಲೆ ಜೀವನಪರ್ಯಂತ ನಡೆಯುತ್ತದೆ. ಆ ಹಳದಿ ಪುಸ್ತಿಕೆಯನ್ನು ಪಾಸ್‌ಪೋರ್ಟಿನೊಳಗೇ ಇಡಿ.

ಔಷಧಗಳ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ನಮ್ಮಲ್ಲಿ ಯಾರೂ ಎರಡನೆಯ ಯೋಚನೆ ಮಾಡದೆ ಚೀಲಕ್ಕೆ ಹಾಕಿಕೊಳ್ಳುವ ಕೆಲವು ಕೆಮ್ಮಿನ ಔಷಧ ಮತ್ತು ಅಲರ್ಜಿ ಮಾತ್ರೆಗಳಲ್ಲಿ ಡೈಫೆನ್‌ಹೈಡ್ರಮಿನ್ ಅಥವಾ ಕೊಡೀನ್ ಇರುತ್ತದೆ. ಜಾಂಬಿಯಾದಲ್ಲಿ ಇವು ನಿಯಂತ್ರಿತ ವಸ್ತುಗಳು. ಇಂಥ ಔಷಧಗಳಿಗಾಗಿ ಪ್ರವಾಸಿಗರನ್ನು ಬಂಧಿಸಿದ ಪ್ರಸಂಗಗಳು ನಡೆದಿವೆ. ಆದ್ದರಿಂದ ಅಂಥವನ್ನು ಮನೆಯಲ್ಲೇ ಬಿಟ್ಟು, ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಅಂಗಡಿಯ ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯೊಡನೆ ಒಯ್ಯಬೇಕು. ಮಲೇರಿಯಾ ಅಲ್ಲಿ ವರ್ಷವಿಡೀ ಇರುವುದರಿಂದ ಅದನ್ನು ತಡೆಯುವ ಮಾತ್ರೆ ಕಡ್ಡಾಯವೆಂದೇ ತಿಳಿಯಿರಿ. ಯಾವುದು ಯಾರಿಗೆ ಹೊಂದುತ್ತದೆ ಎಂಬುದನ್ನು ವೈದ್ಯರೇ ಹೇಳಲಿ.

ಲುಸಾಕಾದಿಂದ ಮೊಂಗುವಿಗೆ ಸುಮಾರು 600 ಕಿ.ಮೀ. ಡಾಂಬರು ರಸ್ತೆ. ಬಸ್ಸುಗಳು ನಸುಕಿನಲ್ಲಿ ಹೊರಡುತ್ತವೆ. ಹಿಂದಿನ ದಿನವೇ ಟಿಕೆಟ್ ಮಾಡಿಸಿ, ಬೆಳಕಿರುವಾಗಲೇ ಮೊಂಗು ತಲುಪುವ ಬಸ್ಸನ್ನು ಹಿಡಿಯಬೇಕು. ನಡುವೆ ರಸ್ತೆಯು ಕಫುಯೆ ರಾಷ್ಟ್ರೀಯ ಉದ್ಯಾನದೊಳಗೆ ಹಾದುಹೋಗುತ್ತದೆ. 22,000 ಚದರ ಕಿ.ಮೀ.ಗೂ ಮಿಕ್ಕ ಆ ಕಾಡಿನಲ್ಲಿ ಕತ್ತಲಾದ ಮೇಲೆ ಆನೆಗಳು ರಸ್ತೆಗೆ ಬರುತ್ತವೆ. ಬಾಡಿಗೆ ಕಾರಿನವರು ರಾತ್ರಿ ಹೊರಡೋಣ ಎಂದರೆ ಖಂಡಿತ ಒಪ್ಪಬೇಡಿ. ಅಲ್ಲಿ ಕಚ್ಚಿ ರಕ್ತ ಹೀರುವ ತ್ಸೆತ್ಸೆ ನೊಣಗಳಿವೆ. ಕಡು ನೀಲಿ ಮತ್ತು ಕಪ್ಪು ಬಟ್ಟೆ ಅವುಗಳನ್ನು ಸೆಳೆಯುವುದರಿಂದ ಆ ದಿನ ಮಾಸಲು ಬಣ್ಣದ ತುಂಬು ತೋಳಿನ ಅಂಗಿ ತೊಡುವುದು ವಾಸಿ.

ಮೊಂಗುವಿನಲ್ಲಿ ಇಳಿದ ಕೂಡಲೇ ಕಾಲಿಗೆ ಸಿಗುವುದು ಮರಳು. ಕಲಹರಿ ಮರುಭೂಮಿಯ ಅದೇ ನುಣುಪಾದ ಮರಳು ಇಲ್ಲಿಯವರೆಗೂ ಹಬ್ಬಿದೆ. ಚಕ್ರದ ಸೂಟ್‌ಕೇಸು ಮೂರು ಹೆಜ್ಜೆಗೇ ಹೂತುಹೋಗುತ್ತದೆ. ಬೆನ್ನಿಗೆ ಹೊರುವ ಚೀಲವನ್ನೇ ಒಯ್ಯಬೇಕು. ಡಾಂಬರು ಬಿಟ್ಟು ಒಳಗೆ ಹೋಗಲು ನಾಲ್ಕೂ ಗಾಲಿಗಳು ಎಳೆಯುವ ಗಾಡಿ, ಟಯರಿನ ಗಾಳಿ ಇಳಿಸಿ ಓಡಿಸಲು ಬಲ್ಲ ಚಾಲಕ ಬೇಕು. ಊರಿನಲ್ಲಿ ಸಾಧಾರಣ ವಸತಿಗೃಹಗಳಿವೆ. ದಿಬ್ಬದ ಅಂಚಿನಲ್ಲಿರುವ ಒಂದನ್ನು ಆರಿಸಿಕೊಂಡರೆ ಸಂಜೆ ಇಡೀ ಬಯಲು ಕಣ್ಣ ಮುಂದೆ ಕೆಂಪಾಗುವುದನ್ನು ನೋಡಬಹುದು. ಉತ್ಸವದ ದಿನಗಳಲ್ಲಿ ಕೋಣೆಗಳು ಬೇಗ ತುಂಬುತ್ತವೆ. ಎಟಿಎಂಗಳಿವೆ, ಆದರೂ ಸ್ವಲ್ಪ ಕ್ವಾಚಾ ಹಣವನ್ನು ಲುಸಾಕಾದಲ್ಲೇ ತೆಗೆದಿಟ್ಟುಕೊಳ್ಳಿ. ಡಾಲರ್ ಒಯ್ಯುವುದಾದರೆ ಮಡಿಕೆ, ಕಲೆ ಇಲ್ಲದ ಹೊಸ ನೋಟುಗಳಿರಲಿ. ದೇಶದ ವಿದ್ಯುತ್ತಿನ ದೊಡ್ಡ ಪಾಲು ಇದೇ ಜಾಂಬೆಜಿಯ ಕರಿಬಾ ಅಣೆಕಟ್ಟಿನಂಥ ಜಲವಿದ್ಯುತ್ ಕೇಂದ್ರಗಳಿಂದ ಬರುವುದರಿಂದ, ಬರಗಾಲದ ವರ್ಷಗಳಲ್ಲಿ ದೀರ್ಘ ಹೊತ್ತು ಕರೆಂಟು ಇರುವುದಿಲ್ಲ. ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಮರೆಯಬಾರದು.

ಊಟದ ಬಗ್ಗೆ ನಮ್ಮವರು ಅಂಜಬೇಕಾಗಿಲ್ಲ. ಲೋಜಿ ಜನ ದಿನನಿತ್ಯ ಉಣ್ಣುವ ಬುಹೋಬೆಯನ್ನು ಮೆಕ್ಕೆಜೋಳ, ಮರಗೆಣಸು ಅಥವಾ ಕಿರುಧಾನ್ಯದ ಹಿಟ್ಟಿನಿಂದ ಮಾಡುತ್ತಾರೆ; ಅದು ನಮ್ಮ ಮುದ್ದೆಯ ಹತ್ತಿರದ ನೆಂಟ. ಕೈಯಿಂದ ಮುರಿದು, ಬೆರಳಲ್ಲಿ ಉಂಡೆ ಮಾಡಿ, ಮೀನಿನ ಸಾರಿನಲ್ಲಿ ಅದ್ದಿ ತಿನ್ನುತ್ತಾರೆ. ಮೀನು ತಿನ್ನದವರಿಗೆ ಕುಂಬಳದ ಎಲೆಯ ಪಲ್ಯ, ಬೀನ್ಸ್ ಕಾಳು, ಶೇಂಗಾ ಸಿಗುತ್ತವೆ. ಮಬಿಸಿ ಎಂಬ ಹುಳಿ ಹಾಲು ನಮ್ಮ ಗಟ್ಟಿ ಮೊಸರಿನಂತೆಯೇ ಇರುತ್ತದೆ. ನಮ್ಮ ಜೊತೆ ಬಂದಿದ್ದ ಹಿರಿಯ ಕಾಕಾ ಒಬ್ಬರು ಅಪ್ಪಟ ಶಾಕಾಹಾರಿಗಳು. ಅವರು ಬುಹೋಬೆಯ ನಡುವೆ ಕುಳಿ ಮಾಡಿ, ಮಬಿಸಿ ಹಾಕಿ, ಮನೆಯಿಂದ ತಂದಿದ್ದ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ಉಂಡದ್ದನ್ನು ಕಂಡು, ಬಡಿಸುತ್ತಿದ್ದ ತಾಯಿ ತಾನೂ ಒಂದು ಚಿಟಿಕೆ ಪುಡಿಯನ್ನು ಅಂಗೈಗೆ ಹಾಕಿಸಿಕೊಂಡರು. ಮೊಂಗುವಿನ ಪರಿಮಳದ ಅಕ್ಕಿ ದೇಶಕ್ಕೆಲ್ಲ ಹೆಸರುವಾಸಿ. ಗೋವಾದಿಂದ ಹೋಗುವವರಿಗೆ ಅಲ್ಲಿನ ಗೇರುಮರಗಳನ್ನು ಕಂಡು ಊರಿನ ನೆನಪಾಗದೆ ಇರದು. ನೀರನ್ನು ಮಾತ್ರ ಕುದಿಸಿಯೇ ಕುಡಿಯಬೇಕು.

ಊರಿನ ಕೆಳಗೆ, ದಿಬ್ಬ ಇಳಿದ ಕಡೆ, ದೋಣಿಗಳ ತಂಗುದಾಣವಿದೆ. ಅಲ್ಲಿಂದ ಒಂದು ಕಾಲುವೆ ಬಯಲನ್ನು ಸೀಳಿಕೊಂಡು ಮುಖ್ಯ ನದಿಯನ್ನು ಸೇರುತ್ತದೆ. ಬೆಳಿಗ್ಗೆ ಏಳರ ಹೊತ್ತಿಗೆ ಹೋದರೆ ಒಣಮೀನಿನ ಕಟ್ಟುಗಳು, ಜೊಂಡಿನ ಚಾಪೆಗಳು, ಅಕ್ಕಿಯ ಚೀಲಗಳು, ಸೈಕಲ್ಲುಗಳು, ಕೋಳಿಗಳು ಒಂದೇ ದೋಣಿಗೆ ಏರುವುದನ್ನು ನೋಡಬಹುದು. ಒಂದೇ ಮರವನ್ನು ಕೊರೆದು ಮಾಡಿದ ಸಣ್ಣ ದೋಣಿಯಲ್ಲಿ ಅಂಬಿಗ ಹಿಂದೆ ನಿಂತು, ಉದ್ದನೆಯ ಗಳವನ್ನು ತಳಕ್ಕೆ ಊರಿ ನೂಕುತ್ತಾನೆ. ನೀರು ಆಳವಾದಂತೆ ಗಳದ ಒದ್ದೆ ಗುರುತು ಅವನ ಮೊಣಕೈವರೆಗೂ ಏರುತ್ತದೆ; ಅಷ್ಟರಿಂದಲೇ ಅವನು ಎಡಕ್ಕೋ ಬಲಕ್ಕೋ ಹೋಗುವುದನ್ನು ತೀರ್ಮಾನಿಸುತ್ತಾನೆ. ನಮ್ಮ ಅಂಬಿಗ ಒಂದು ಕಡೆ ತಟ್ಟನೆ ನಿಂತು, ಗಳವನ್ನು ಅಡ್ಡ ಹಿಡಿದು, ಬಾಯಿಗೆ ಬೆರಳಿಟ್ಟ. ನೂರು ಮೀಟರ್ ಆಚೆ ನೀರಾನೆಯ ಕಿವಿಗಳು ಕಾಣುತ್ತಿದ್ದವು. ಅದು ಮುಳುಗಿ ದೂರದಲ್ಲಿ ಮತ್ತೆ ಎದ್ದ ಮೇಲೆಯೇ ಅವನು ಹೊರಟ. ಇಂಥ ಅಂಬಿಗರೊಡನೆ ಬಾಡಿಗೆ, ಹೋಗುವ ಜಾಗ, ಮರಳುವ ಹೊತ್ತು ಮೂರನ್ನೂ ಹತ್ತುವ ಮೊದಲೇ ಮಾತಾಡಿಕೊಳ್ಳಿ. ಆದರೆ ದಾರಿಯ ವಿಷಯದಲ್ಲಿ ಅವರ ಮಾತಿಗೆ ಎದುರಾಡಬೇಡಿ. ಲೈಫ್ ಜಾಕೆಟ್ ಅಲ್ಲಿ ಸಿಗುತ್ತದೆಂಬ ನಂಬಿಕೆ ಬೇಡ. ಗಾಳಿ ತುಂಬುವ ಹಗುರವಾದದ್ದೊಂದನ್ನು ಇಲ್ಲಿಂದಲೇ ಕೊಂಡೊಯ್ದರೆ ಕ್ಷೇಮ. ಮೊಸಳೆಗಳಿರುವುದರಿಂದ ಕೈಯನ್ನು ನೀರಿಗೆ ಇಳಿಬಿಡಬಾರದು. ನಿಂತ ನೀರಿನಲ್ಲಿ ಬರಿಗಾಲಲ್ಲಿ ಇಳಿದರೆ ಬಿಲ್‌ಹಾರ್ಜಿಯಾ ಎಂಬ ಹುಳುವಿನ ರೋಗ ಅಂಟುವ ಅಪಾಯವೂ ಉಂಟು.

ನಾನು ಹುಟ್ಟಿದ್ದು ಜಮಖಂಡಿ ಕಡೆಯ ಕೃಷ್ಣೆಯ ದಂಡೆಯ ಊರಿನಲ್ಲಿ. ಹೊಳೆ ಬಂತೆಂದರೆ ದನಗಳನ್ನು ಬಿಚ್ಚಿ, ಕಾಳಿನ ಚೀಲಗಳನ್ನು ಮಾಳಿಗೆಗೆ ಹೊತ್ತು ರಾತ್ರಿಯೆಲ್ಲ ಕಣ್ಣು ಮುಚ್ಚದೆ ಕೂರುತ್ತಿದ್ದೆವು. ಹೀಗಾಗಿ ನೆರೆ ಏರಿತೆಂದು ಹಬ್ಬ ಮಾಡುವ ಜನರನ್ನು ಎರಡನೆಯ ಪ್ರವಾಸದಲ್ಲಿ ಕಂಡಾಗ ನನ್ನ ಗಂಟಲು ಕಟ್ಟಿತು. ನೀರು ಇಳಿದ ಮೇಲೆ ಉಳಿಯುವ ಹಸಿ ನೆಲವೇ ಅವರಿಗೆ ಬೆಳೆ, ದನಗಳ ಮೇವು, ಮೀನು ಎಲ್ಲವನ್ನೂ ಕೊಡುತ್ತದೆ. ಹಿಂದಿನ ರಾತ್ರಿ ಮಾಓಮಾ ಎಂಬ ದೊಡ್ಡ ನಗಾರಿಗಳು ಮೊಳಗುತ್ತವೆ. ಮರುದಿನ ಕಪ್ಪು ಬಿಳಿ ಪಟ್ಟೆಗಳ ನಾಲಿಕ್ವಾಂಡಾ ಎಂಬ ರಾಜದೋಣಿ, ಚಾವಣಿಯ ಮೇಲೆ ಆನೆಯ ಬೊಂಬೆಯನ್ನು ಹೊತ್ತು, ಸಾಲಾಗಿ ನಿಂತು ಹುಟ್ಟು ಹಾಕುವ ಕೆಂಪು ಟೋಪಿಯ ಜನರೊಡನೆ ಗಂಟೆಗಟ್ಟಲೆ ಸಾಗಿ ಲಿಮುಲುಂಗಾಕ್ಕೆ ಬರುತ್ತದೆ. ದೋಣಿಯಿಂದ ಏಳುವ ಹೊಗೆ ರಾಜನು ಕ್ಷೇಮವಾಗಿದ್ದಾನೆ ಎಂಬುದರ ಗುರುತು. ಇಳಿಯುವಾಗ ರಾಜನು ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಸಮವಸ್ತ್ರದಲ್ಲಿ ಇರುತ್ತಾನೆ. 1902ರಲ್ಲಿ ಲೆವಾನಿಕಾ ಎಂಬ ರಾಜ ಲಂಡನ್ನಿಗೆ ಹೋಗಿದ್ದ ಕಾಲದಿಂದ ಬಂದ ರೂಢಿ ಅದು. ನೋಡುವವರು ಬೆಳಿಗ್ಗೆಯೇ ಲಿಮುಲುಂಗಾದ ದಡದಲ್ಲಿ ಜಾಗ ಹಿಡಿದು, ನೀರು ಮತ್ತು ಕೊಡೆಯೊಡನೆ ಸಂಜೆವರೆಗೆ ಕಾಯಲು ಸಿದ್ಧರಾಗಿರಬೇಕು. ಅಲ್ಲಿಯೇ ಇರುವ ನಯುಮಾ ವಸ್ತುಸಂಗ್ರಹಾಲಯವನ್ನು ಹಿಂದಿನ ದಿನವೇ ನೋಡಿಬಿಟ್ಟರೆ ಕಂಡದ್ದೆಲ್ಲ ಅರ್ಥವಾಗುತ್ತದೆ.

ಅರಮನೆಯ ಆವರಣಕ್ಕೆ ಹೋಗುವುದಿದ್ದರೆ ಕುಟಾ ಎಂಬ ರಾಜಸಭೆಯ ಅನುಮತಿ ಪಡೆಯಬೇಕು. ಹೆಂಗಸರು ಪ್ಯಾಂಟಿನ ಮೇಲೆ ಚಿತೆಂಗೆ ಬಟ್ಟೆಯನ್ನು ಲುಂಗಿಯಂತೆ ಸುತ್ತಿಕೊಳ್ಳುವುದು, ಗಂಡಸರು ಚಡ್ಡಿ ತೊಡದಿರುವುದು ಮರ್ಯಾದೆ. ಹಿರಿಯರ ಎದುರು ಮೊಣಕಾಲೂರಿ, ಅಂಗೈಗಳನ್ನು ಬಟ್ಟಲಿನಂತೆ ಮಾಡಿ ಮೆಲ್ಲನೆ ಚಪ್ಪಾಳೆ ತಟ್ಟುವುದು ಅಲ್ಲಿನ ನಮಸ್ಕಾರ. ಧನ್ಯವಾದಕ್ಕೆ "ನಿತುಮೆಜಿ" ಎಂದರೆ ಸಾಕು, ಎದುರಿನವರ ಮುಖ ಅರಳುತ್ತದೆ. ಯಾರ ಫೋಟೊವನ್ನೂ ಕೇಳದೆ ತೆಗೆಯಬೇಡಿ.

ಇನ್ನೆರಡು ದಿನ ಉಳಿದಿದ್ದರೆ ಬಯಲನ್ನು ಅಡ್ಡಹಾಯುವ ಕಲಾಬೋ ರಸ್ತೆಯಲ್ಲಿ ಹೋಗಿಬನ್ನಿ. 26 ಸೇತುವೆಗಳುಳ್ಳ ಆ ರಸ್ತೆ ಆಗುವ ಮೊದಲು ನೆರೆಗಾಲದಲ್ಲಿ ದೋಣಿಯೊಂದೇ ಗತಿಯಾಗಿತ್ತು. ಅದರಾಚೆಗಿನ ಲಿಯುವಾ ಬಯಲಿಗೆ ನವೆಂಬರ್ ಹೊತ್ತಿಗೆ ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡುಗಳು ಬರುತ್ತವೆ; ಆದರೆ ಅದಕ್ಕೆ ಬೇರೆಯೇ ಸಿದ್ಧತೆ ಮತ್ತು ಹೆಚ್ಚಿನ ಹಣ ಬೇಕು. ಮನೆಗೆ ಏನಾದರೂ ತರುವುದಿದ್ದರೆ ಮಕೆಂಗೆ ಬೇರಿನಿಂದ ಹೆಣೆದ ಬುಟ್ಟಿಯನ್ನು ಹೆಣೆದವರ ಕೈಯಿಂದಲೇ ಕೊಳ್ಳಿ.

ಮರಳಿದ ಮೇಲೆಯೂ ಮಲೇರಿಯಾ ಮಾತ್ರೆಯನ್ನು ನಿಲ್ಲಿಸುವಂತಿಲ್ಲ. ಡಾಕ್ಸಿಸೈಕ್ಲಿನ್ ಆದರೆ ನಾಲ್ಕು ವಾರ, ಅಟೊವಕೋನ್-ಪ್ರೊಗ್ವಾನಿಲ್ ಆದರೆ ಏಳು ದಿನ ಮುಂದುವರಿಸಬೇಕು. ಮುಂದಿನ ಮೂರು ತಿಂಗಳಲ್ಲಿ ಯಾವಾಗ ಜ್ವರ ಬಂದರೂ ಅದೇ ದಿನ ರಕ್ತಪರೀಕ್ಷೆ ಮಾಡಿಸಿ, ಆಫ್ರಿಕಾದಿಂದ ಬಂದಿರುವುದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಮುಂಬಯಿಯ ಮಳೆಗಾಲದಲ್ಲಿ ಮನೆಮನೆಗೂ ಡೆಂಗಿಯೋ ವೈರಲ್ ಜ್ವರವೋ ಇರುವಾಗ, ನೀವು ಹೇಳದಿದ್ದರೆ ಅವರಿಗೆ ಅದು ಹೊಳೆಯಲಾರದು.