ಬಾನೆಟ್ ಅಡಿಯ ತುಕ್ಕಿಗೆ ಕೈ ಹಾಕುವ ಮುನ್ನ

ಹೊರಗೆ ಬಾಡಿ ಫಳಫಳ ಹೊಳೆಯುತ್ತದೆ. ಬಾನೆಟ್ ಎತ್ತಿದರೆ ಜಿಡ್ಡು, ತುಕ್ಕು, ಅದರ ಮೇಲೆ ಯಾರೋ ಯಾವಾಗಲೋ ಬಳಿದ ಬೆಳ್ಳಿ ಬಣ್ಣ. ಮುಂಬೈಯಲ್ಲಿ ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಪಾಡು ಇದು. ಇಲ್ಲಿನ ಉಪ್ಪುಗಾಳಿ ಯಾವ ಕಾರನ್ನೂ ಬಿಡುವುದಿಲ್ಲ. ಸರಿ ಮಾಡಬಹುದು, ಆದರೆ ಎಲ್ಲಾ ಪಾರ್ಟುಗಳಿಗೂ ಒಂದೇ ಮದ್ದು ಅಂತ ಹೊರಟರೆ ಇದ್ದದ್ದೂ ಹಾಳಾಗುತ್ತದೆ. ಇದು ಯಾವ ಲೋಹ, ಎಷ್ಟು ಬಿಸಿಯಾಗುತ್ತದೆ ಅಂತ ಕೇಳಿಕೊಂಡೇ ಒಂದೊಂದು ಪಾರ್ಟಿಗೂ ಕೈ ಹಾಕಬೇಕು. ಉದಾಹರಣೆಗೆ ಎಂಜಿಬಿಯನ್ನೇ ತೆಗೆದುಕೊಳ್ಳೋಣ. 1962ರಿಂದ 1980ರವರೆಗೆ ತಯಾರಾದ, 1798 ಸಿಸಿ ಎಂಜಿನ್ನಿನ ಬ್ರಿಟಿಷ್ ಕಾರು. ಬೇರೆ ಕಾರಾದರೂ ಕ್ರಮ ಹೆಚ್ಚೂಕಮ್ಮಿ ಇದೇ.

ಮಳೆಗಾಲದಲ್ಲಿ ಈ ಕೆಲಸ ಬೇಡ. ದಸರಾ ಕಳೆಯಲಿ. ಗಾಳಿಯಲ್ಲಿ ತೇವಾಂಶ ಶೇ 85 ದಾಟಿದ್ದರೆ ಪೇಂಟ್ ಡಬ್ಬಿ ತೆರೆಯಲೇಬೇಡಿ. ಬಣ್ಣ ಬೆಳ್ಳಗಾಗುತ್ತದೆ, ಹಿಡಿಯುವುದೂ ಇಲ್ಲ. ತುಕ್ಕು ತೆಗೆದು ಬರಿದಾದ ಉಕ್ಕು ಜುಲೈಯಲ್ಲಿ ಬೆಳಗಾಗುವುದರೊಳಗೆ ಮತ್ತೆ ಕೆಂಪಗಾಗಿರುತ್ತದೆ. ಡಿಸೆಂಬರ್‌ನಲ್ಲೂ ಪ್ರೈಮರ್ ಅದೇ ದಿನ ಬೀಳಬೇಕು.

ಮೊದಲು ಬ್ಯಾಟರಿ ಕನೆಕ್ಷನ್ ಬಿಚ್ಚಿ. ಎಂಜಿಬಿಯಲ್ಲಿ ಅದು ಬಾನೆಟ್ ಕೆಳಗಿಲ್ಲ, ಸೀಟಿನ ಹಿಂದಿದೆ. 1967ರವರೆಗಿನ ಕಾರುಗಳಲ್ಲಿ ಪಾಸಿಟಿವ್ ಅರ್ತ್ ಇರುತ್ತದೆ, ಅಂದರೆ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿರುತ್ತದೆ, ಬಿಚ್ಚುವಾಗಲೇ ಗುರುತು ಹಾಕಿಕೊಳ್ಳಿ. ಪ್ರತಿ ಪೈಪು, ಪ್ರತಿ ಕ್ಲಿಪ್ಪಿನ ಫೋಟೋ ಇರಲಿ. ಬೋಲ್ಟುಗಳನ್ನು ಬೇರೆ ಬೇರೆ ಕವರಿಗೆ ಹಾಕಿ ಚೀಟಿ ಬರೆಯಿರಿ. ಎಂಜಿನ್ ನಂಬರಿನ ಪ್ಲೇಟು, ಚಾಸಿ ನಂಬರು ಇರುವ ಜಾಗಕ್ಕೆ ಮಾತ್ರ ಮರಳು ಕಾಗದ ತಾಗಬಾರದು. 50 ವರ್ಷ ದಾಟಿದ ಕಾರಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬೇಕು ಅಂತಿದ್ದರೆ ಆ ನಂಬರುಗಳೇ ನಿಮ್ಮ ಆಸ್ತಿ. ಕಾರ್ಬುರೇಟರ್ ಹಿಂದೆ ಬಿಸಿ ತಡೆಯುವ ತಗಡಿಗೆ (ಹೀಟ್ ಶೀಲ್ಡ್) ಹಳೇ ಕಾರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಅಂಟಿಸಿರುತ್ತಿದ್ದರು. ಅದನ್ನು ಒಣದಾಗಿ ಕೆರೆಯಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಈಗ ಪಾರ್ಟುಗಳನ್ನು ಗುಂಪು ಮಾಡಿ. ಉಕ್ಕಿನ ಬ್ರಾಕೆಟ್, ಕ್ಲಿಪ್, ಬೋಲ್ಟು ಒಂದು ಕಡೆ. ಸೀಮೆಎಣ್ಣೆಯಲ್ಲಿ ಜಿಡ್ಡು ಕಳೆದು, ಸಿಟ್ರಿಕ್ ಆಸಿಡ್ ಕರಗಿಸಿದ ನೀರಲ್ಲಿ ರಾತ್ರಿಯಿಡೀ ನೆನೆಸಿದರೆ ತುಕ್ಕು ಬಿಟ್ಟುಕೊಳ್ಳುತ್ತದೆ. ಆಮೇಲೆ ಜಿಂಕ್ ಪ್ಲೇಟಿಂಗ್, ಅಂದರೆ ಸತುವಿನ ತೆಳು ಲೇಪ. ಥಾಣೆಯ ವಾಗಳೆ ಎಸ್ಟೇಟ್, ವಸಯಿ ಪೂರ್ವದ ಕಡೆ ಪ್ಲೇಟಿಂಗ್ ಅಂಗಡಿಗಳು ಸಿಗುತ್ತವೆ. ಕೆಜಿ ಲೆಕ್ಕದಲ್ಲಿ ರೇಟು ಹೇಳುತ್ತಾರೆ. ಕೊಡುವ ಮುಂಚೆ ಎಲ್ಲವನ್ನೂ ಎಣಿಸಿ, ಒಂದು ಬಟ್ಟೆ ಹಾಸಿ ಹರಡಿ ಫೋಟೋ ಹೊಡೆದುಕೊಳ್ಳಿ. ಚಿಕ್ಕ ಕ್ಲಿಪ್ಪು ತೊಟ್ಟಿಯ ತಳ ಸೇರಿದರೆ ಹುಡುಕಿಕೊಡುವವರು ಯಾರೂ ಇಲ್ಲ. ಸ್ಪ್ರಿಂಗ್ ಮತ್ತು ಹೈ ಟೆನ್ಸೈಲ್ (ಜಾಸ್ತಿ ಎಳೆತ ತಡೆಯುವ) ಬೋಲ್ಟುಗಳನ್ನು ಸುಮ್ನೆ ಅದೇ ಗುಂಪಿಗೆ ತುಂಬಬೇಡಿ. ಪ್ಲೇಟಿಂಗ್ ವೇಳೆ ಹೈಡ್ರೋಜನ್ ಒಳಗೆ ಸೇರಿ ಗಟ್ಟಿ ಉಕ್ಕು ಪೆಡಸಾಗುತ್ತದೆ, ಆಮೇಲೆ ಒಂದು ದಿನ ಟಪ್ಪಂತ ಮುರಿಯುತ್ತದೆ. ಪ್ಲೇಟಿಂಗ್ ಆದ ಕೂಡಲೇ ಸುಮಾರು 200 ಡಿಗ್ರಿಯಲ್ಲಿ ಕೆಲವು ಗಂಟೆ ಬೇಕ್ ಮಾಡಿಕೊಡುತ್ತಾರಾ ಕೇಳಿ. ಇಲ್ಲ ಅಂದರೆ ಅವನ್ನು ವಾಪಸ್ ತಂದುಬಿಡಿ.

ಅಲ್ಯೂಮಿನಿಯಂ ಇನ್ನೊಂದು ಕಡೆ. ಇಲ್ಲೇ ಜಾಸ್ತಿ ಅನಾಹುತ ಆಗುವುದು. ಜಿಡ್ಡು ಬೇಗ ಹೋಗಲಿ ಅಂತ ಕಾಸ್ಟಿಕ್ ಸೋಡಾ ನೀರಿಗೆ ಎಸ್‌ಯು ಕಂಪನಿಯ ಕಾರ್ಬುರೇಟರ್ ಮುಳುಗಿಸಿದರೆ ಬುಸುಬುಸು ನೊರೆ ಬಂದು ಲೋಹವೇ ಕರಗುತ್ತದೆ. ಪೆಟ್ರೋಲು ಅಥವಾ ಕಾರ್ಬ್ ಕ್ಲೀನರ್, ಮೆತ್ತಗಿನ ಬ್ರಷ್ಷು, ಇಷ್ಟು ಸಾಕು. ಹೆಚ್ಚಿನ ಎಂಜಿಬಿಗಳಲ್ಲಿ ಎರಡು ಕಾರ್ಬುರೇಟರ್ ಇರುತ್ತವೆ. ಮೇಲಿನ ಗಂಟೆಯಾಕಾರದ ಡ್ಯಾಶ್‌ಪಾಟು, ಅದರೊಳಗೆ ಜಾರುವ ಪಿಸ್ಟನ್ ಫ್ಯಾಕ್ಟರಿಯಲ್ಲೇ ಜೋಡಿ ಮಾಡಿದ್ದು. ಒಂದರ ಪಿಸ್ಟನ್ನು ಇನ್ನೊಂದಕ್ಕೆ ಹಾಕಬೇಡಿ. ಡ್ಯಾಶ್‌ಪಾಟಿನ ಹೊರಮೈಗೆ ಪಾಲಿಶ್ ಹಚ್ಚಬಹುದು, ಒಳಮೈಗೆ ಖಂಡಿತ ಕೂಡದು. ಅಲ್ಲಿನ ಅಂತರ ಕೂದಲೆಳೆಯಷ್ಟು. ಅದು ಜಾಸ್ತಿಯಾದರೆ ಗಾಳಿ ಸೋರಿ ಪಿಸ್ಟನ್ ಸರಿಯಾಗಿ ಏಳುವುದಿಲ್ಲ. ಎಲ್ಲಾ ಜೋಡಿಸಿದ ಮೇಲೆ ಪಿಸ್ಟನ್ನನ್ನು ಬೆರಳಿಂದ ಎತ್ತಿ ಬಿಡಿ. ತಡವರಿಸದೆ ಇಳಿದು ಕೊನೆಗೆ ಟಕ್ ಅಂತ ಶಬ್ದ ಬಂದರೆ ಸರಿಯಾಗಿದೆ ಅಂತ ಅರ್ಥ.

ಪೌಡರ್ ಕೋಟಿಂಗ್, ಅಂದರೆ ಪುಡಿ ಬಣ್ಣ ಹಚ್ಚಿ ಓವನ್ನಿನಲ್ಲಿ ಬೇಯಿಸುವುದು, ಈಗ ಎಲ್ಲರ ಬಾಯಲ್ಲೂ ಇದೆ. ಬ್ರಾಕೆಟ್ಟಿಗೆ, ಫ್ಯಾನ್ ಗಾರ್ಡಿಗೆ ಒಳ್ಳೆಯದೇ. ಆದರೆ ಅದು ಗಟ್ಟಿಯಾಗಲು 180ರಿಂದ 200 ಡಿಗ್ರಿ ಓವನ್ ಬೇಕು. ಹಳೇ ರೇಡಿಯೇಟರ್ ತಾಮ್ರ, ಹಿತ್ತಾಳೆಯದ್ದು, ಬೆಸುಗೆ ಸೀಸ ಮತ್ತು ತವರದ್ದು. ಆ ಬಿಸಿಗೆ ಬೆಸುಗೆಯೇ ಬಿಟ್ಟುಹೋಗಬಹುದು. ರೇಡಿಯೇಟರಿಗೆ ತೆಳುವಾದ ಕಪ್ಪು ಪೇಂಟ್ ಸಾಕು, ದಪ್ಪ ಬಳಿದರೆ ಬಿಸಿ ಹೊರಹೋಗುವುದಕ್ಕೇ ಅಡ್ಡಿ. ಎಂಜಿನ್ನಿನ ಹೊಗೆ ಹೊರಬೀಳುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಇದ್ಯಾವುದೂ ನಿಲ್ಲುವುದಿಲ್ಲ. 600 ಡಿಗ್ರಿ ತಡೆಯುವ ಸಿಲಿಕೋನ್ ಪೇಂಟ್ ಹೊಡೆದು, ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಆರಿಸಿ, ಮತ್ತೆ ಓಡಿಸಿ, ಡಬ್ಬಿಯ ಮೇಲೆ ಬರೆದಂತೆ ಹಂತಹಂತವಾಗಿ ಬಿಸಿ ಮಾಡಬೇಕು.

ಎಂಜಿನ್ನಿನ ತಲೆಯ ಮೇಲಿನ ಮುಚ್ಚಳ, ರಾಕರ್ ಕವರ್, ಎಲ್ಲರ ಕಣ್ಣಿಗೂ ಮೊದಲು ಬೀಳುವುದು. ಗಾಜಿನ ಮಣಿ ರಭಸವಾಗಿ ಊದಿ ಉಜ್ಜುವ ಬ್ಲಾಸ್ಟಿಂಗ್‌ಗೆ ಅದನ್ನು ಕೊಡದಿರುವುದೇ ವಾಸಿ. ಒಳಗೆ ಮೂಲೆಮೂಲೆಗೆ ಸಿಕ್ಕ ಗಾಜಿನ ಮಣಿ ಆಮೇಲೆ ಎಣ್ಣೆಯ ಜೊತೆ ಬೇರಿಂಗ್ ಸೇರುತ್ತದೆ. ಪೇಂಟ್ ರಿಮೂವರ್ ಹಚ್ಚಿ ತೆಗೆಯಿರಿ, 320 ನಂಬರಿನ ಕಾಗದದಲ್ಲಿ ಉಜ್ಜಿ, ಥಿನ್ನರಿನಿಂದ ಒರೆಸಿ. ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಗುರುತಲ್ಲೇ ಬಣ್ಣ ಏಳುತ್ತದೆ. ಪ್ರೈಮರ್, ಆಮೇಲೆ ಎಂಜಿನ್ ಎನಾಮೆಲ್, ತೆಳುವಾಗಿ ಮೂರು ಸಲ. ಮೊದಮೊದಲ ಎಂಜಿಬಿ ಎಂಜಿನ್ನುಗಳಿಗೆ ಕೆಂಪು ಛಾಯೆಯ ಬಣ್ಣ, ಕೊನೆಯವಕ್ಕೆ ಕಪ್ಪು. ನಿಮ್ಮ ಕಾರಿಗೆ ಯಾವುದೋ ಅದನ್ನೇ ಹೊಡೆಯಿರಿ. ಕ್ರೋಮ್ ಮಾಡಿಸುವವರು ಬೇಕಾದಷ್ಟು ಜನ ಇದ್ದಾರೆ, ನನಗಂತೂ ಅದು ಮದುವೆ ಮಂಟಪದ ಅಲಂಕಾರದಂತೆ ಕಾಣುತ್ತದೆ.

ಹಾರ್ಡನರ್ ಬೆರೆಸಿ ಹೊಡೆಯುವ ಟೂ-ಕೆ ಪೇಂಟ್ ಬೇಕೇ ಬೇಕು ಅಂದರೆ ಸ್ಪ್ರೇ ಬೂತ್ ಇರುವ ಪೇಂಟರಿಗೆ ಕೊಡಿ. ಅದರ ಹಾರ್ಡನರಿನಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಸೊಸೈಟಿ ಪಾರ್ಕಿಂಗ್‌ನಲ್ಲಿ ಸ್ಪ್ರೇ ಶುರು ಮಾಡಿದರೆ ಸೆಕ್ರೆಟರಿ ಇಳಿದು ಬರುತ್ತಾರೆ, ಅವರದೂ ತಪ್ಪಲ್ಲ ಅಲ್ವಾ?

ಜೋಡಿಸುವಾಗ ಅರ್ತ್ ಸ್ಟ್ರಾಪ್ (ಎಂಜಿನ್ನನ್ನು ಬಾಡಿಗೆ ಜೋಡಿಸುವ ಕರೆಂಟ್ ಪಟ್ಟಿ) ಕೂರುವ ಜಾಗದಲ್ಲಿ ಹೊಸ ಬಣ್ಣವನ್ನು ಕೆರೆದು ಲೋಹ ಕಾಣುವಂತೆ ಮಾಡಿ. ಬಣ್ಣದಲ್ಲಿ ಕರೆಂಟ್ ಹರಿಯುವುದಿಲ್ಲ, ಸ್ಟಾರ್ಟರ್ ಸುಮ್ಮನೆ ಕೂರುತ್ತದೆ. ಬ್ರೇಕ್ ಫ್ಲೂಯಿಡ್ ತುಂಬುವುದು ಕೊನೆಗೆ. ಡಾಟ್ 3, ಡಾಟ್ 4 ಎರಡೂ ಪೇಂಟನ್ನು ಕಿತ್ತುಹಾಕುತ್ತವೆ. ಮಾಸ್ಟರ್ ಸಿಲಿಂಡರಿನ ಸುತ್ತ ಹಳೇ ಬಟ್ಟೆ ಸುತ್ತಿಟ್ಟು ತುಂಬಿ. ಹನಿ ಬಿದ್ದರೆ ಉಜ್ಜಬೇಡಿ, ಆಗಲೇ ಜಾಸ್ತಿ ನೀರು ಸುರಿದು ತೊಳೆಯಿರಿ.