ಘಾಟಿ ಹತ್ತುವ ಲಾರಿಗೆ ತೆಳು ಆಯಿಲ್: ನನ್ನ ಅನುಭವ

ಹಾಸನದ ನಮ್ಮ ಬಿಎಸ್6 ಲಾರಿಗಳಿಗೆ 15ಡಬ್ಲ್ಯೂ-40 ಎಂಜಿನ್ ಆಯಿಲ್ ಬಿಟ್ಟು, ಡೀಸೆಲ್ ಉಳಿಸಲೆಂದು ಅದಕ್ಕಿಂತ ತೆಳುವಾದ 10ಡಬ್ಲ್ಯೂ-30 ಹಾಕಿಸಲು ಹೊರಟಾಗ, ಶಿರಾಡಿ ಘಾಟಿ ಹತ್ತುವ ಗಾಡಿಗೆ ನೀರಿನಂಥ ಆಯಿಲ್ ಹಾಕಿದರೆ ಬೇರಿಂಗ್ ಉಳಿಯುವುದಿಲ್ಲ ಎಂದು ಪರಿಚಯದ ಲಾರಿ ಮಾಲೀಕರೂ ಗ್ಯಾರೇಜಿನ ಮೇಸ್ತ್ರಿಗಳೂ ಎಚ್ಚರಿಸಿದ್ದರು. ಎರಡು ವರ್ಷ ದಾಟಿದೆ. ಒಂದು ಬೇರಿಂಗೂ ಹೋಗಿಲ್ಲ. ಅಂದು ಬೇಡವೆಂದವರಲ್ಲಿ ಕೆಲವರು ಈಗ ನನ್ನಲ್ಲಿಯೇ ವಿಚಾರಿಸುತ್ತಿದ್ದಾರೆ.

ಮೊದಲ ಕೆಲವು ತಿಂಗಳು ಲಾಭ ಕಾಣಿಸಲೇ ಇಲ್ಲ. ಮಂಗಳೂರು ಬಂದರಿಗೆ ಕಾಫಿ ಇಳಿಸಿ, ಗೊಬ್ಬರ ಹೇರಿಕೊಂಡು ಘಾಟಿ ಹತ್ತುವ ನಮ್ಮ ಓಡಾಟದಲ್ಲಿ ಚಾಲಕ ಬದಲಾದರೆ ಸಾಕು, ಮೈಲೇಜ್ ಶೇಕಡಾ ಐದಾರು ಏರುಪೇರಾಗುತ್ತದೆ. ಅದರ ಮೇಲೆ ಮಳೆಗಾಲದಲ್ಲಿ ಸಕಲೇಶಪುರ ಸಮೀಪದ ದೋಣಿಗಲ್ ಬಳಿ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಇಷ್ಟರ ನಡುವೆ ಶೇಕಡಾ ಒಂದೂವರೆಯ ಉಳಿತಾಯ ಕಣ್ಣಿಗೆ ಬೀಳುವುದಾದರೂ ಹೇಗೆ? ಆದ್ದರಿಂದ ಅರ್ಧ ಗಾಡಿಗಳನ್ನು ಹಳೆಯ ಆಯಿಲ್‌ನಲ್ಲಿಯೇ ಓಡಿಸಿ, ಎಲ್ಲಕ್ಕೂ ಒಂದೇ ಬಂಕಿನಲ್ಲಿ, ಸಮತಟ್ಟು ಜಾಗದಲ್ಲಿ, ಟ್ಯಾಂಕಿನ ಕಂಠದವರೆಗೆ ಡೀಸೆಲ್ ತುಂಬಿಸಿ, ಟೈರಿನ ಗಾಳಿಯನ್ನೂ ಸರಿಸಮ ಮಾಡಿಸಿ, ಆಮೇಲೆ ಎರಡು ಗುಂಪುಗಳ ಆಯಿಲ್ ಅದಲುಬದಲು ಮಾಡಿದೆ. ಚಾಲಕರ ವ್ಯತ್ಯಾಸವನ್ನು ಲೆಕ್ಕದಿಂದ ಹೇಗೆ ಕಳೆದೆ ಎಂಬುದು ಮಾತ್ರ ನನ್ನಲ್ಲಿಯೇ ಇರಲಿ.

ಆಯಿಲ್ ಆರಿಸುವಾಗ ಡಬ್ಬದ ಮೇಲಿನ 30 ಎಂಬ ಅಂಕಿಯೊಂದನ್ನೇ ನಂಬಬಾರದು. ಸಿಕೆ-4 ದರ್ಜೆಯ 10ಡಬ್ಲ್ಯೂ-30ರಲ್ಲಿ, ವಿಪರೀತ ಬಿಸಿ ಮತ್ತು ತಿಕ್ಕಾಟದಲ್ಲಿಯೂ ಆಯಿಲ್ ಉಳಿಸಿಕೊಳ್ಳುವ ಮಂದತೆಯ ಅಳತೆಯಾದ ಎಚ್‌ಟಿಎಚ್‌ಎಸ್ ಕನಿಷ್ಠ 3.5 ಇರುತ್ತದೆ, ಎಫ್‌ಎ-4 ದರ್ಜೆಯಲ್ಲಿ ಅದು 2.9ರಿಂದ 3.2 ಮಾತ್ರ. ಬೇರಿಂಗಿನ ಭಯ ನಿಜವಾಗಿ ಇರಬೇಕಾದದ್ದು ಈ ಎರಡನೆಯದರ ಬಗ್ಗೆ. ನಮ್ಮ ಎಂಜಿನ್ನಿನ ಕೈಪಿಡಿ ಒಪ್ಪಿದ್ದು ಮೊದಲನೆಯದನ್ನು, ನಾನು ಹಾಕಿಸಿದ್ದೂ ಅದನ್ನೇ. ಘಾಟಿ ಹತ್ತಿ ನಿಂತಾಗ ಐಡಲ್‌ನಲ್ಲಿ ಆಯಿಲ್ ಪ್ರೆಶರ್ ಸ್ವಲ್ಪ ಕೆಳಗೆ ತೋರಿಸುತ್ತದೆ, ಚಾಲಕರು ಗಾಬರಿಯಾಗಿ ಫೋನ್ ಮಾಡುತ್ತಾರೆ. ಮೊದಲ ಆಯಿಲ್ ಬದಲಾವಣೆಯಲ್ಲಿ ಹಳೆಯ ಫಿಲ್ಟರನ್ನು ಕೊಯ್ದು, ಕಾಗದದ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ, ಬಿಸಿಲಿಗೆ ಹಿಡಿದು ಅವರಿಗೂ ಮೇಸ್ತ್ರಿಗೂ ತೋರಿಸಿದೆ: ಮಸಿ ಇತ್ತು, ಮಿನುಗುವ ಲೋಹದ ಚೂರು ಒಂದೂ ಇರಲಿಲ್ಲ. ಪ್ರಯೋಗಾಲಯಕ್ಕೆ ಕಳುಹಿಸಿದ ಆಯಿಲ್‌ನಲ್ಲಿ ಕಬ್ಬಿಣದ ಅಂಶವೂ ಹಿಂದಿಗಿಂತ ಹೆಚ್ಚಿರಲಿಲ್ಲ.

ಹಣದ ಲೆಕ್ಕ ಹೀಗಿದೆ. ಗಾಡಿಯೊಂದು ತಿಂಗಳಿಗೆ ಸುಮಾರು ಏಳೂವರೆ ಸಾವಿರ ಕಿಲೋಮೀಟರ್ ಓಡುತ್ತದೆ, ಲೀಟರಿಗೆ ನಾಲ್ಕರ ಆಸುಪಾಸು ಕೊಡುತ್ತದೆ. ಹೋಲಿಕೆಯಲ್ಲಿ ಸಿಕ್ಕ ಶೇಕಡಾ ಒಂದೂವರೆಯಂತೆ ತಿಂಗಳಿಗೆ ಉಳಿಯುವುದು ಇಪ್ಪತ್ತೆಂಟು ಲೀಟರ್, ಅಂದರೆ ಎರಡೂವರೆ ಸಾವಿರ ರೂಪಾಯಿ. ಆಯಿಲ್‌ಗೆ ಹೆಚ್ಚುವರಿ ಬೀಳುವುದು ಒಂದು ಬದಲಾವಣೆಗೆ ಎರಡು ಸಾವಿರದಷ್ಟು, ಅದೂ ಐದಾರು ತಿಂಗಳಿಗೊಮ್ಮೆ. ಹಾಸನದಿಂದ ಬೆಂಗಳೂರಿನ ಕಡೆಗೆ ಓಡುವ ಗಾಡಿಗಳಲ್ಲಿ ಉಳಿತಾಯ ಇನ್ನೂ ತುಸು ಹೆಚ್ಚು. ಏಕೆಂದರೆ ಆ ದಾರಿಯಲ್ಲಿ ಘಾಟಿಯಿಲ್ಲ; ಘಾಟಿಯಲ್ಲಿ ಭಾರ ಎಳೆಯಲು ಸುಡುವ ಡೀಸೆಲ್ಲಿನ ಮುಂದೆ ಆಯಿಲ್ ತಗ್ಗಿಸುವ ಘರ್ಷಣೆ ಸಣ್ಣದು.

ಹಿಂದಿನ ಆಕ್ಸಲ್ಲಿನ ಗೇರುಗಳಿರುವ ಹೌಸಿಂಗ್‌ಗೂ 85ಡಬ್ಲ್ಯೂ-140ರ ಬದಲು ತೆಳುವಾದ 80ಡಬ್ಲ್ಯೂ-90 ಗೇರ್ ಆಯಿಲ್ ಹಾಕಿಸಿ ನೋಡಿದೆ. ಸಕಲೇಶಪುರದ ಚಳಿಯಲ್ಲಿ ಬೆಳಗ್ಗೆ ಗಾಡಿ ಹಗುರವಾಗಿ ಹೊರಡುತ್ತದೆ ಎಂದು ಚಾಲಕರು ಹೇಳಿದರೂ ಡೀಸೆಲ್ ಲೆಕ್ಕದಲ್ಲಿ ವ್ಯತ್ಯಾಸ ಸಿಗಲಿಲ್ಲ, ಹಾಗಾಗಿ ಕೈಬಿಟ್ಟೆ. ರಿಂಗ್ ಸವೆದ ಎರಡು ಹಳೆಯ ಗಾಡಿಗಳು ಹೊಸ ಎಂಜಿನ್ ಆಯಿಲನ್ನು ಕುಡಿಯತೊಡಗಿದವು. ಎಂಜಿನ್ ಕೆಲಸ ಆಗುವವರೆಗೆ ಅವುಗಳಿಗೆ 15ಡಬ್ಲ್ಯೂ-40 ಅನ್ನೇ ಹಾಕಿಸುತ್ತಿದ್ದೇನೆ.